ಇಂದ್ರಾಬಾಯಿ ಕೂತರೆ ಆರುವ ಪರದೆ

ಹಾಲಿನವನು ಇನ್ನೂ ಬಾಗಿಲಲ್ಲಿ ನಿಂತಿರುವಾಗಲೇ ಪಾತ್ರೆಗೆ ಬೆರಳದ್ದಿ, ಉಗುರಿನ ಮೇಲೆ ಹನಿ ನಿಲ್ಲುತ್ತದೋ ಜಾರುತ್ತದೋ ನೋಡುವವಳು ಇಂದ್ರಾಬಾಯಿ. ಸಂತೆಯಲ್ಲಿ ಬದನೆಕಾಯಿಯ ತೊಟ್ಟು ಎತ್ತಿ ನೋಡದೆ ಚೀಲಕ್ಕೆ ಹಾಕಿದವಳಲ್ಲ. ಬಸ್ಸಿನಲ್ಲಿ ಪಕ್ಕದವರು ತೂಕಡಿಸಿದರೆ ಅದು ಖರೆ ನಿದ್ದೆಯೋ ಕಳ್ಳ ನಿದ್ದೆಯೋ ಎಂದು ಇಳಿಯುವ ತನಕ ಓರೆಗಣ್ಣಿನಲ್ಲಿ ಕಾಯುತ್ತಿದ್ದಳು. ಅವಳ ಗಂಡ ನಾಗಲಿಂಗ ಇಳಕಲ್ಲಿನಲ್ಲಿ ಹಿಟ್ಟಿನ ಗಿರಣಿ ನಡೆಸುವವನು, ನಗೆಮಾತಿನ ಮನುಷ್ಯ. "ನಮ್ಮಾಕಿ ಗುಡ್ಯಾಗ ಕೈ ಮುಗದ್ರೂ ಒಂದ ಕಣ್ಣು ಹೊರಗಿನ ಚಪ್ಪಲಿ ಮ್ಯಾಲ ಇರತೈತಿ" ಎಂದು ಜೋಳ ಬೀಸಲು ಬಂದವರ ಮುಂದೆ ಹೇಳಿ ನಗುತ್ತಿದ್ದ.

ಹುಟ್ಟುತ್ತಲೇ ಹೀಗಿದ್ದವಳಲ್ಲ ಅವಳು. ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆ ಶಾರವ್ವ ನೇಯುವ ಮಗ್ಗದ ಪಕ್ಕ ಕೂತು, ಸೀರೆಯ ಅಂಚಿನ ಚಿತ್ತಾರಗಳನ್ನು ಚೌಕುಳಿ ಹಾಳೆಯ ಮೇಲೆ ಬಿಡಿಸುವುದನ್ನು ಕಲಿತಿದ್ದಳು. ಒಂದೊಂದು ಚೌಕುಳಿಯೂ ಒಂದೊಂದು ಎಳೆ. ಎಲ್ಲಿ ಬಣ್ಣ ತುಂಬುತ್ತೀವೋ ಅಲ್ಲಿ ಎಳೆ ಮೇಲೇಳಬೇಕು, ಎಲ್ಲಿ ಬಿಡುತ್ತೀವೋ ಅಲ್ಲಿ ಮುಳುಗಬೇಕು. ಕೈ ಹತ್ತಿದ ಮೇಲೆ ಅವಳು ತನ್ನದೇ ಒಂದು ಅಂಚು ಕಟ್ಟಿದಳು. ಗೋಪುರದ ಮೊನೆಗಳ ನಡುವೆ ಗಿಣಿಯ ಕೊಕ್ಕು ಇಣುಕುವ ಅಂಚು. ಪರ ಊರಿನ ವ್ಯಾಪಾರಸ್ಥನೊಬ್ಬ ಮನೆಗೆ ಬಂದು, ಚಹಾ ಕುಡಿದು, ಹಾಡಿ ಹೊಗಳಿ, ನಾಲ್ಕು ಜನಕ್ಕೆ ತೋರಿಸಿ ತರುತ್ತೇನೆಂದು ಹಾಳೆ ಒಯ್ದ. ತರಲಿಲ್ಲ. ಮುಂದಿನ ಉಗಾದಿಗೆ ಬಾಗಲಕೋಟೆಯ ಮದುವೆಯೊಂದರಲ್ಲಿ ಬೀಗಿತ್ತಿಯ ಮೈಮೇಲೆ ಆ ಗಿಣಿ ಕೊಕ್ಕು ಇಣುಕುತ್ತಿತ್ತು. ಯಾರ ಕಡೆಯ ಸೀರೆ ಎಂದು ಕೇಳಿದರೆ ಬೇರೆ ಯಾರದೋ ಹೆಸರು ಹೇಳಿದರು. ಶಾರವ್ವ ಬೈಯಲಿಲ್ಲ. "ಚಹಾ ಕುಡದು ಹೊಗಳಿದವರನ್ನ ಇನ್ನ ಮ್ಯಾಲ ನಂಬಬ್ಯಾಡ" ಎಂದಳು ಅಷ್ಟೇ. ಆವತ್ತಿನಿಂದ ಯಾರಾದರೂ ಹತ್ತಿರ ಬಂದರೆ ಇಂದ್ರಾಬಾಯಿಯ ಹಾಳೆ ತಾನಾಗಿ ಬೋರಲು ಬೀಳುತ್ತಿತ್ತು.

ಈಗ ಅವಳಿಗೆ ಐವತ್ತು ದಾಟಿದೆ. ಮಹೇಶ್ವರಿ ಎಂಬವಳ ಸೀರೆಯ ಮಳಿಗೆಯಲ್ಲಿ ಚಿತ್ತಾರದ ಕೆಲಸ. ಮಹೇಶ್ವರಿ ವಯಸ್ಸಿನಲ್ಲಿ ಚಿಕ್ಕವಳು, ಚುರುಕಿನ ಹೆಂಗಸು. ಕೆಳಗೆ ಮಳಿಗೆ, ಹಿಂದೆ ಮಗ್ಗಗಳು, ಮೇಲಿನ ಕೋಣೆಯಲ್ಲಿ ಒಂದು ಕಂಪ್ಯೂಟರು. ಹಾಳೆಯ ಮೇಲೆ ತಿಂಗಳು ಹಿಡಿಯುವ ಚಿತ್ತಾರ ಅದರಲ್ಲಿ ವಾರಕ್ಕೆ ಮುಗಿಯುತ್ತದೆಂದು ಅವಳು ಇಂದ್ರಾಬಾಯಿಯನ್ನು ಓಲೈಸಿ ಓಲೈಸಿ ಅದರ ಮುಂದೆ ಕೂರಿಸಿದ್ದಳು. ಕಲಿಯಲು ಇಂದ್ರಾಬಾಯಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಅಲ್ಲಿಯೂ ಇದ್ದದ್ದು ಅವೇ ಚೌಕುಳಿಗಳು. ಚಾಳೀಸು ಬಂದು ಹತ್ತಿರದ್ದು ಮಸುಕಾಗುವ ಕಣ್ಣಾದ್ದರಿಂದ ಖುರ್ಚಿಯನ್ನು ಹಿಂದಕ್ಕೆ ಸರಿಸಿ, ಗೋಡೆಗೆ ಬೆನ್ನು ಕೊಟ್ಟು, ದೂರದಿಂದ ನೋಡುತ್ತ ಕೆಲಸ ಮಾಡುತ್ತಿದ್ದಳು. ಗೋಡೆಗೆ ಬೆನ್ನು ಕೊಟ್ಟರೆ ಹಿಂದಿನಿಂದ ಯಾರೂ ಇಣುಕಲಾರರು ಎಂಬುದು ಇನ್ನೊಂದು ಕಾರಣ.

ದಸರೆಯ ಹೊತ್ತಿಗೆ ಹಳೆಯ ಮಾನಿಟರು ಸುಟ್ಟುಹೋಯಿತು. ಬಾಗಲಕೋಟೆಯಲ್ಲಿ ಬಾಗಿಲು ಮುಚ್ಚಿದ ಯಾವುದೋ ಆಫೀಸಿನ ಸಾಮಾನು ಮಾರಾಟಕ್ಕಿದೆ ಎಂದು ತಿಳಿದು ಮಹೇಶ್ವರಿ ಅಲ್ಲಿಂದ ದೊಡ್ಡದೊಂದು ಮಾನಿಟರು ತಂದಳು. ಅದೇ ವಾರ ಹುನಗುಂದದ ರೋಹಿಣಿ ಎಂಬ ಹುಡುಗಿಯೂ ಕೆಲಸಕ್ಕೆ ಸೇರಿದಳು. ಬೆಳಿಗ್ಗೆಯಿಂದ ಊಟದ ಹೊತ್ತಿನ ತನಕ ಅವಳು ಕಂಪ್ಯೂಟರಿನ ಮುಂದೆ ಕೂತು ಸೀರೆಗಳ ಫೋಟೋ ಚೊಕ್ಕ ಮಾಡುವುದು, ಆಮೇಲೆ ಇಂದ್ರಾಬಾಯಿ ಚಿತ್ತಾರಕ್ಕೆ ಕೂರುವುದು ಎಂದು ಗೊತ್ತಾಯಿತು. ರೋಹಿಣಿ ದಪ್ಪ ಕನ್ನಡಕದವಳು. ಪರದೆಗೆ ಮೂಗು ತಾಗುವಂತೆ ಬಗ್ಗಿ ಕೆಲಸ ಮಾಡುತ್ತಿದ್ದಳು. ಎದ್ದು ಹೋಗುವಾಗ, "ಅಕ್ಕಾರ, ನಿಮ್ಮ ಚಿತ್ತಾರ ಭಾಳ ಚಂದ ಅದಾವ್ರಿ" ಎಂದಳು.

ಇಂದ್ರಾಬಾಯಿಗೆ ಅಷ್ಟೇ ಸಾಕಾಯಿತು. ಈ ಹುಡುಗಿ ಹೊಗಳುತ್ತಾಳೆ.

ಆಗ ಅವಳ ಕೈಯಲ್ಲಿದ್ದದ್ದು ಒಂದು ದೊಡ್ಡ ಕೆಲಸ. ಬಾದಾಮಿಯ ಗಿರಾಕಿಯೊಬ್ಬರಿಗಾಗಿ ಅಲ್ಲಿನ ಗುಹೆಯ ಕಂಬಗಳ ಮೇಲೆ ಕೊರೆದ ಬಳ್ಳಿಯನ್ನು ಸೀರೆಯ ಅಂಚಿಗೆ ಇಳಿಸಬೇಕಿತ್ತು. ಫೋಟೋ ನಂಬದೆ ಅವಳು ತಾನೇ ಬಾದಾಮಿಗೆ ಹೋಗಿ, ಮಂಗಗಳ ಕಾಟದ ನಡುವೆ ಕಂಬದ ಮುಂದೆ ಕೂತು, ಬಳ್ಳಿ ಎಲ್ಲಿ ತಿರುಗುತ್ತದೆ ಎಲ್ಲಿ ಎಲೆ ಬಿಡುತ್ತದೆ ಎಂದು ಕೈಯಾರೆ ಬರೆದುಕೊಂಡು ಬಂದಿದ್ದಳು. ಅದನ್ನು ಕಂಪ್ಯೂಟರಿಗೆ ಏರಿಸಲು ಕೂತ ಮೊದಲ ದಿನವೇ ಅದು ನಡೆಯಿತು. ಎಡಗಡೆಯ ಎಲೆಗೆ ಬಣ್ಣ ತುಂಬುತ್ತಿರುವಾಗ ಪರದೆ ಮಂಕಾಯಿತು, ಹಾಗೇ ಕಪ್ಪಾಯಿತು. ಫ್ಯಾನು ತಿರುಗುತ್ತಿತ್ತು, ಕಂಪ್ಯೂಟರಿನ ಡಬ್ಬಿಯ ದೀಪ ಉರಿಯುತ್ತಿತ್ತು. ಮೌಸ್ ಅಲ್ಲಾಡಿಸಿದಳು. ಇಲ್ಲ. ಗುಂಡಿ ಒತ್ತಿದಳು. ಇಲ್ಲ. ಸಿಟ್ಟು ಬಂದು ಎದ್ದು ಮುಂದೆ ಬಾಗಿ ಮಾನಿಟರಿನ ನೆತ್ತಿಗೆ ಒಂದೇಟು ಕೊಟ್ಟಳು. ಬೆಳಕು ಬಂತು! ಮತ್ತೆ ಹಿಂದೆ ಬಂದು ಕೂತಳು. ಸ್ವಲ್ಪ ಹೊತ್ತಿಗೆ ಮತ್ತೆ ಆರಿತು.

ಮಹೇಶ್ವರಿ ಕಂಪ್ಯೂಟರ್ ರಿಪೇರಿಯ ಫಾರೂಕನಿಗೆ ಹೇಳಿ ಕಳಿಸಿದಳು. ಅವನು ಬಿಳಿ ಅಂಗಿ ತೊಟ್ಟು, ಚೀಲ ಹೆಗಲಿಗೇರಿಸಿ ಬಂದ. ಕೂತು ಪಟಪಟ ಒತ್ತಿ ನೋಡಿದ.

"ಏನಿಲ್ರಿ ಅವ್ವಾರ. ಕರೆಂಟ್ ಉಳಸೋ ಸಲುವಾಗಿ ಇದು ತಾನ ಆರತೈತಿ. ಸುಮ್ಮ ಕುಂತ್ರ ಹತ್ತ ನಿಮಿಷಕ್ಕ ಆರಿಸು ಅಂತ ಒಳಗ ಬರದಿತ್ತು. ನಾ 'ಎಂದೂ ಆರಿಸಬ್ಯಾಡ' ಅಂತ ಮಾಡೇನಿ ನೋಡ್ರಿ."

"ಬರದಿತ್ತು ಅಂದ್ರ? ಯಾರು ಬರದಿದ್ರು?"

"ಯಾರೂ ಅಲ್ರಿ, ಮಷೀನ್ ಬರೋವಾಗನ ಹಂಗ ಇರತೈತಿ."

ಇಂದ್ರಾಬಾಯಿಯ ಕಿವಿಗೆ ಎರಡನೆಯ ಮಾತು ಹೋಗಲಿಲ್ಲ. ಆರಿಸು ಎಂದು ಯಾರೋ ಬರೆದಿದ್ದರು, ಅಷ್ಟು ಹೋಯಿತು. ಫಾರೂಕ ಚಹಾ ಮುಗಿಯುವ ತನಕ ಅಲ್ಲೇ ಕೂತಿದ್ದ. ಪರದೆ ದೀಪದ ಹಾಗೆ ಬೆಳಗುತ್ತಿತ್ತು. ಅವನು ಮೆಟ್ಟಿಲಿಳಿದು ಹೋದ ಮೇಲೆ ಅವಳು ಕೂತಳು. ಆರಿತು.

ಎರಡನೆಯ ಸಲ ಬಂದವನು ವೈರು ಬದಲಿಸಿದ, ಯುಪಿಎಸ್ ಬಿಟ್ಟು ನೇರ ಗೋಡೆಯ ಪಿನ್ನಿಗೆ ಹಾಕಿದ, ಪರದೆಯ ಮೇಲೆ ಚಿತ್ರ ಓಡಾಡುವ ಆಟವನ್ನೆಲ್ಲ ತೆಗೆದುಹಾಕಿದ. ತಾನೇ ಕೂತು ತೋರಿಸಿದ. ಎಲ್ಲ ಸರಿಯಾಗಿತ್ತು. ಚೀಲ ಕಟ್ಟುತ್ತ, ಮುಖ ನೋಡದೆ, "ಮಷೀನಿನ್ಯಾಗ ಏನೂ ದೋಷ ಇಲ್ರಿ. ನಿಮ್ಮ ಕೈನೋ ಕಾಲೋ ಎಲ್ಲರೆ ತಾಗಾಕತ್ತೈತೇನ, ಸ್ವಲ್ಪ ನೋಡ್ಕೋರಿ" ಎಂದ. ಮೂವತ್ತು ವರ್ಷ ಮಗ್ಗದ ನಡುವೆ ಓಡಾಡಿ ಒಂದು ಎಳೆ ಹರಿಯದ ಕಾಲು ತನ್ನದು ಎಂದು ಹೇಳಬೇಕೆನಿಸಿತು ಅವಳಿಗೆ. ದೋಷ ಮಷೀನಿನಲ್ಲಿಲ್ಲ, ತನ್ನಲ್ಲಿಲ್ಲ ಎಂದಮೇಲೆ ಮತ್ತೆ ಯಾರಲ್ಲಿದೆ ಎಂಬ ಲೆಕ್ಕ ಅವಳ ತಲೆಯಲ್ಲಿ ಮುಗಿದೇ ಹೋಯಿತು.

ಆಮೇಲೆ ಅವಳು ಕಾಯತೊಡಗಿದಳು. ಪರದೆ ಆರಿದ ಕೂಡಲೇ ಸದ್ದಾಗದಂತೆ ಎದ್ದು ಕಿಡಕಿಯಿಂದ ಕೆಳಗೆ ನೋಡುವಳು. ಅಂಗಳದ ಕಟ್ಟೆಯ ಮೇಲೆ ರೋಹಿಣಿ ಕೂತಿರುತ್ತಿದ್ದಳು, ಕೈಯಲ್ಲಿ ಮೊಬೈಲು. ಬೆರಳು ಆಡುತ್ತಿರುತ್ತಿತ್ತು. ಒಮ್ಮೊಮ್ಮೆ ನಗುತ್ತಿದ್ದಳು. ಎಲ್ಲೋ ಕೂತು ಮೊಬೈಲಿನಿಂದಲೇ ಇನ್ನೊಬ್ಬರ ಕಂಪ್ಯೂಟರು ಆಡಿಸುತ್ತಾರೆ, ಒಳಗಿದ್ದದ್ದನ್ನೆಲ್ಲ ಎಳೆದುಕೊಳ್ಳುತ್ತಾರೆ ಎಂದು ಇಂದ್ರಾಬಾಯಿ ಟಿವಿಯಲ್ಲಿ ನೋಡಿದ್ದಳು. ಪರದೆ ಕಪ್ಪಾದ ಹೊತ್ತಿನಲ್ಲಿ ತನ್ನ ಬಳ್ಳಿ ಎಲೆ ಎಲೆಯಾಗಿ ಆ ಮೊಬೈಲಿಗೆ ಇಳಿಯುತ್ತಿದೆ ಎಂದು ಅವಳಿಗೆ ಕಣ್ಣಿಗೆ ಕಟ್ಟಿದಂತಾಯಿತು.

ಊಟಕ್ಕೆ ಕೂತಾಗ ಗಂಡನಿಗೆ ಹೇಳಿದಳು.

ನಾಗಲಿಂಗ ರೊಟ್ಟಿ ಮುರಿಯುತ್ತ ಕೇಳಿದ. "ಆ ಹುಡುಗಿನ ಒಂದ ಮಾತು ಕೇಳೀಯೇನು?"

"ಕಳ್ಳರನ್ನ ಕೇಳಿದ್ರ ಹೂಂ ಅಂತಾರೇನು?"

"ಕೇಳದನ ಕಳ್ಳಿ ಮಾಡೀದಿ ಅಂದಂಗಾತು."

"ನಿಮಗೇನು ಗೊತ್ತು, ನಿಮ್ಮ ಗಿರಣ್ಯಾಗ ಹಿಟ್ಟು ಬಿಟ್ರ ಕದಿಯೂದು ಏನೈತಿ" ಎಂದು ಅವಳು ತಾಟು ಎತ್ತಿಕೊಂಡು ಎದ್ದಳು.

ಒಂದು ದಿನ ರೋಹಿಣಿ ರಜೆ ಹಾಕಿದಳು. ಬಾದಾಮಿಯಲ್ಲಿ ಯಾರದೋ ನಿಶ್ಚಯವಂತೆ. ಇಂದ್ರಾಬಾಯಿಯೂ ಅಂದು ಮುಂಜಾನೆ ಸಂಬಂಧಿಕರ ಮನೆಯ ತೊಟ್ಟಿಲ ಕಾರ್ಯ ಮುಗಿಸಿ, ಉಟ್ಟ ಕೆನೆಬಣ್ಣದ ರೇಷ್ಮೆ ಸೀರೆಯಲ್ಲೇ ಮಳಿಗೆಗೆ ಬಂದು ಕೂತಳು. ಸಂಜೆಯ ತನಕ ಪರದೆ ಒಂದು ಸಲವೂ ಕಣ್ಣು ಮುಚ್ಚಲಿಲ್ಲ. ಬಳ್ಳಿ ಸರಸರ ಹಬ್ಬಿತು. ಮರುದಿನ ರೋಹಿಣಿ ಬಂದಳು. ಇಂದ್ರಾಬಾಯಿ ಎಂದಿನ ಕರಿ ಚಂದ್ರಕಾಳಿ ಸೀರೆ ಉಟ್ಟು ಬಂದು ಕೂತಳು. ಆರಿತು.

ಇನ್ನೇನು ಸಾಕ್ಷಿ ಬೇಕು? ಅವಳು ನೇರವಾಗಿ ಕೆಳಗಿಳಿದು ಮಹೇಶ್ವರಿಯ ಮುಂದೆ ನಿಂತಳು.

"ಅಕ್ಕಾರ, ಆ ಹುಡುಗಿ ಬಂದ ಮ್ಯಾಲೇನ ಇದೆಲ್ಲಾ ಸುರು ಆಗೇತ್ರಿ. ನಿನ್ನಿ ಆಕಿ ಇರಲಿಲ್ಲ, ಮಷೀನ್ ಶಾಣ್ಯಾ ಆಗಿತ್ತು. ಇವತ್ತ ಬಂದಾಳ, ಮತ್ತ ಹುಚ್ಚ ಹಿಡದೈತಿ. ಒಂದ ಆಕಿ ಇರಬೇಕು, ಇಲ್ಲಾ ನನ್ನ ಚಿತ್ತಾರ ಇರಬೇಕು."

ಮಹೇಶ್ವರಿಗೆ ಹುಡುಗಿಯ ಮೇಲೆ ಅನುಮಾನವೇನೂ ಇರಲಿಲ್ಲ. ಆದರೆ ಬಾದಾಮಿಯ ಬಳ್ಳಿ ಮಗ್ಗಕ್ಕೆ ಏರುವ ದಿನ ಹತ್ತಿರ ಬಂದಿತ್ತು. ಜಗಳ ಬಿಡಿಸುವುದಕ್ಕಿಂತ ಜಾಗ ಬದಲಿಸುವುದು ಸುಲಭ. ಹುನಗುಂದದಲ್ಲಿ ಅವಳದೇ ಒಂದು ಸಣ್ಣ ಮಾರಾಟದ ಅಂಗಡಿ ಇತ್ತು. ರೋಹಿಣಿಯನ್ನು ಅಲ್ಲಿಗೆ ಹಾಕಿದಳು. ಕಾರಣ ಹೇಳಲಿಲ್ಲ, ಆದರೆ ಅಂಥವು ಹೇಳದೆಯೂ ತಿಳಿಯುತ್ತವೆ. ಹುಡುಗಿ ತನ್ನ ಊಟದ ಡಬ್ಬಿ, ಛತ್ರಿ ಚೀಲಕ್ಕೆ ಹಾಕಿಕೊಂಡು ಮೇಲಿನ ಕೋಣೆಯ ಬಾಗಿಲಲ್ಲಿ ಒಂದು ಗಳಿಗೆ ನಿಂತಳು. "ಬರ್ತೇನ್ರಿ ಅಕ್ಕಾರ" ಎಂದಳು. ಇಂದ್ರಾಬಾಯಿ ತಲೆ ಎತ್ತದೆ "ಹೂಂ" ಎಂದಳು.

ಮರುದಿನ ಅವಳು ಗೆಲುವಿನಿಂದ ಬಂದು ಖುರ್ಚಿ ಎಳೆದುಕೊಂಡು ಕೂತಳು. ಬಳ್ಳಿಯ ತುದಿಗೆ ಒಂದು ಮೊಗ್ಗು ಬಾಕಿ ಇತ್ತು. ಎರಡು ಚೌಕುಳಿ ತುಂಬುವುದರೊಳಗೆ ಪರದೆ ಮಂಕಾಯಿತು. ಕಪ್ಪಾಯಿತು.

ಆ ಕಪ್ಪಿನಲ್ಲಿ ಅವಳದೇ ಮುಖ ಕಾಣುತ್ತಿತ್ತು. ಕಿಡಕಿಯಿಂದ ಕೆಳಗೆ ನೋಡಿದಳು. ಕಟ್ಟೆ ಖಾಲಿ. ಹುನಗುಂದದಿಂದಲೂ ಆಡಿಸುತ್ತಾಳೇನು ಎಂದು ಒಂದು ಮನಸ್ಸು ಹೇಳಿತು. ಇನ್ನೊಂದು ಮನಸ್ಸು ಸುಮ್ಮನೆ ಕೂತಿತ್ತು, ಅದರ ಸುಮ್ಮನಿರುವಿಕೆಯೇ ಅವಳಿಗೆ ತಡೆಯಲಾಗದಾಯಿತು.

ಈ ಮಾತನ್ನು ಅವಳು ಯಾರಿಗೂ ಹೇಳಲಿಲ್ಲ. ಹೇಗೆ ಹೇಳಿಯಾಳು? ಆರಿದಾಗೆಲ್ಲ ಎದ್ದು ಬಾಗಿ ತಟ್ಟುವುದು, ಬಂದು ಕೂರುವುದು, ಮತ್ತೆ ಏಳುವುದು. ಸೊಂಟ ಹಿಡಿದುಕೊಂಡಿತು. ಮೊಗ್ಗು ಮುಗಿಯಲಿಲ್ಲ. ನಾಲ್ಕಾರು ದಿನಕ್ಕೆ ಮಹೇಶ್ವರಿ ತಾನೇ ಮೇಲೆ ಬಂದಳು. ಇಂದ್ರಾಬಾಯಿ ಮಾನಿಟರಿಗೆ ಏಟು ಕೊಡುತ್ತಿರುವಾಗಲೇ ಬಂದಳು.

"ಇನ್ನೂ ಹಂಗ ಐತೇನ್ರಿ?"

ಇಂದ್ರಾಬಾಯಿ ಏಟು ಕೊಟ್ಟ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ಏಳ್ರಿ, ನಾ ಕುಂಡ್ರತೇನಿ" ಎಂದು ಮಹೇಶ್ವರಿ ಖುರ್ಚಿ ಮುಂದಕ್ಕೆ ಎಳೆದು ಕೂತಳು. ಅವಳು ಉಟ್ಟಿದ್ದು ಲಿಂಬೆಹಣ್ಣಿನ ಬಣ್ಣದ ಕಾಟನ್ ಸೀರೆ. ಬಹಳ ಹೊತ್ತು ಕೂತಳು. ಪರದೆ ಕದಲಲಿಲ್ಲ. "ಈಗ ನೀವು ಕುಂಡ್ರಿ." ಇಂದ್ರಾಬಾಯಿ ಖುರ್ಚಿ ಹಿಂದಕ್ಕೆ ಸರಿಸಿ ಕೂತಳು. ಅವಳು ಮೌಸ್ ಮುಟ್ಟುವ ಮೊದಲೇ ಪರದೆ ಮಂಕಾಗತೊಡಗಿತು.

ಮಹೇಶ್ವರಿ ಅವಳ ಕೈ ನೋಡಿದಳು, ಕಾಲು ನೋಡಿದಳು, ಆಮೇಲೆ ಮುಖ ನೋಡಿದಳು. ಆ ನೋಟ ಇಂದ್ರಾಬಾಯಿಗೆ ಹೊಸದಲ್ಲ. ಹಾಲಿನವನನ್ನು, ಕಾಯಿಪಲ್ಲೆಯವಳನ್ನು, ಬಸ್ಸಿನ ಪಕ್ಕದವರನ್ನು ತಾನೇ ಹಾಗೆ ನೋಡುತ್ತಿದ್ದಳು. ಆದರೆ ಅದು ತನ್ನ ಮೇಲೆ ಬಿದ್ದಾಗ ಹೇಗಿರುತ್ತದೆ ಎಂಬುದು ಮಾತ್ರ ಗೊತ್ತಿರಲಿಲ್ಲ.

"ಇಂದ್ರಾಬಾಯಾರ, ಸಿಟ್ಟಾಗಬ್ಯಾಡ್ರಿ, ಖರೆ ಹೇಳ್ರಿ. ನಿಮಗ ಕಂಪ್ಯೂಟರ್ ಮ್ಯಾಲ ಕೆಲಸ ಬ್ಯಾಡಾಗೈತೇನು? ಅದಕ್ಕ ಹಿಂಗ ಏನರೆ ಮಾಡಾಕತ್ತೀರೇನು?"

"ನಾನ?" ಎಂದಳು ಇಂದ್ರಾಬಾಯಿ. "ನನ್ನ ಬಳ್ಳಿನ ನಾನ ಕೆಡಸ್ಕೋತೇನೇನ್ರಿ? ಬಾದಾಮ್ಯಾಗ ಮಂಗ್ಯಾನ ಕಡೆ ಕಚ್ಚಿಸ್ಕೊಳ್ಳೂದೊಂದು ಬಾಕಿ ಇತ್ತು ಇದರ ಸಲುವಾಗಿ! ನೋಡ್ರಿ ಇಲ್ಲೆ!" ಎಂದು ಮೇಜಿನ ಮೇಲಿದ್ದ ದೊಡ್ಡ ಚೌಕುಳಿ ಹಾಳೆಯನ್ನು ಎತ್ತಿ ಎದೆಯ ಮುಂದೆ ಅಗಲಿಸಿ ಹಿಡಿದಳು.

ಪರದೆ ಫಕ್ಕನೆ ಬೆಳಗಿತು.

ಇಂದ್ರಾಬಾಯಿ ಹಾಳೆ ಇಳಿಸಿದಳು. ಸ್ವಲ್ಪ ಹೊತ್ತು ಉರಿದು ಪರದೆ ಮತ್ತೆ ಮಂಕಾಯಿತು. ಹಾಳೆ ಎತ್ತಿದಳು. ಬೆಳಗಿತು.

"ಕಾಗದ ನೋಡಿ ಎದ್ದ ಕುಂಡ್ರತೈತಲ್ರಿ ಇದು" ಎಂದಳು ಮಹೇಶ್ವರಿ, ಅರ್ಧ ಹೆದರಿ.

ಇಂದ್ರಾಬಾಯಿಯ ಅನುಮಾನದ ಬುದ್ಧಿ ಈಗ ಸರಿಯಾದ ಕಡೆಗೆ ತಿರುಗಿತು. ಎದ್ದು ಕಪಾಟಿನಿಂದ ನಾಲ್ಕಾರು ಸೀರೆ ತಂದಳು. ಒಂದೊಂದನ್ನೇ ಎದೆಯ ಮೇಲೆ ಹರವಿಕೊಂಡು ಅದೇ ದೂರದಲ್ಲಿ ಕೂತಳು. ಅರಿಷಿಣ ಬಣ್ಣ: ಉರಿಯಿತು. ಗಿಳಿ ಹಸಿರು: ಉರಿಯಿತು. ಕರಿ: ಆರಿತು. ಅದೇ ಕರಿ ಸೀರೆಯಲ್ಲಿ ಖುರ್ಚಿಯನ್ನು ಮುಂದೆ ಎಳೆದುಕೊಂಡರೆ ಉರಿಯಿತು. ಏಟಿಗೆ ಎಚ್ಚರಾಗುತ್ತಿದ್ದದ್ದಲ್ಲ ಅದು, ಏಟು ಕೊಡಲು ತಾನು ಹತ್ತಿರ ಹೋಗುತ್ತಿದ್ದದ್ದಕ್ಕೆ ಎಚ್ಚರಾಗುತ್ತಿತ್ತು. ಮಹೇಶ್ವರಿ ಬಗ್ಗಿ ಮಾನಿಟರಿನ ಕೆಳಗಿನ ಪಟ್ಟಿಯನ್ನು ಸೆರಗಿನಿಂದ ಒರೆಸಿದಳು. ನಡುವೆ ಉದ್ದಿನ ಕಾಳಿನಷ್ಟು ಒಂದು ಕಪ್ಪು ಗಾಜು ಹೊಳೆಯಿತು. ಬ್ರಾಂಡಿನ ಗುರುತಿನ ಪಕ್ಕದಲ್ಲಿದ್ದುದರಿಂದ ಇಷ್ಟು ದಿನ ಯಾರೂ ಅದನ್ನು ಗಮನಿಸಿರಲಿಲ್ಲ.

ಫಾರೂಕನಿಗೆ ಫೋನು ಹಚ್ಚಿದರು. ಅವನು ಕೇಳಿ, "ಅರೇ, ಸೆನ್ಸರ್ ಇದ್ದ ಮಾನಿಟರ್ ಏನ್ರಿ ಅದು!" ಎಂದ. "ದೊಡ್ಡ ಆಫೀಸಿನ್ಯಾಗ ಇಡ್ತಾರ್ರಿ. ಮುಂದ ಮನಶ್ಯಾ ಅದಾನೋ ಇಲ್ಲೋ ಅಂತ ತಾನ ನೋಡ್ಕೊಂತ ಇರತೈತಿ. ಎದ್ದ ಹೋದ್ರ ಕರೆಂಟ್ ಉಳಸಾಕ ಆರತೈತಿ. ಕಣ್ಣಿಗೆ ಕಾಣದ ಬೆಳಕು ಬಿಡತೈತ್ರಿ, ಅದು ಮೈಗೆ ಬಡದು ತಿರುಗಿ ಬಂದ್ರ ಮನಶ್ಯಾ ಅದಾನ ಅಂತ ಲೆಕ್ಕ. ಕರಿ ಅರಿಬಿ ಆ ಬೆಳಕು ನುಂಗಿಬಿಡತೈತಿ. ನಾ ಕಂಪ್ಯೂಟರಿನ್ಯಾಗ ಹುಡುಕಿದೆ, ಅದು ಮಾನಿಟರಿನ್ಯಾಗನ ಐತಿ. ಕೆಳಗಿನ ಗುಂಡಿ ಒತ್ರಿ, ನಾ ಹೇಳ್ತೇನಿ." ಅವನು ಹೇಳಿದಂತೆ ಮಹೇಶ್ವರಿ ಒತ್ತುತ್ತ ಹೋದಳು. ಬೆಳಕು, ಬಣ್ಣ, ಭಾಷೆ ಎಲ್ಲ ದಾಟಿ ಆ ಸೆನ್ಸರಿನ ಹೆಸರು ಬಂತು. ಬಂದ್ ಮಾಡಿದಳು. ಇಂದ್ರಾಬಾಯಿ ಕರಿ ಸೀರೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂತಳು. ಪರದೆ ಉರಿಯುತ್ತಲೇ ಇತ್ತು.

ಮಹೇಶ್ವರಿ ನಕ್ಕಳು. ಇಂದ್ರಾಬಾಯಿಗೆ ನಗು ಬರಲಿಲ್ಲ. ರೋಹಿಣಿ ರಜೆ ಹಾಕಿದ ದಿನ ತಾನು ಉಟ್ಟಿದ್ದ ಕೆನೆಬಣ್ಣದ ಸೀರೆ ಅವಳ ಕಣ್ಣ ಮುಂದೆ ಬಂದು ನಿಂತಿತ್ತು. "ಆ ಹುಡುಗಿ ಮೊಬೈಲಿನ್ಯಾಗ ಏನು ಮಾಡ್ತಿದ್ಳ್ರಿ, ಮಧ್ಯಾಹ್ನ ಪೂರಾ?" ಎಂದು ಕೇಳಿದಳು.

"ಗಿರಾಕಿಗೆ ಸೀರಿ ಫೋಟೋ ಕಳಸ್ತಿದ್ಳು. ನಾನ ಹಚ್ಚಿದ್ದೆ ಆ ಕೆಲಸಕ್ಕ."

ಮರುದಿನ ಅವಳು ಮಳಿಗೆಗೆ ಹೋಗದೆ ಹುನಗುಂದದ ಬಸ್ಸು ಹತ್ತಿದಳು. ಅಂಗಡಿಯಲ್ಲಿ ರೋಹಿಣಿ ಒಬ್ಬಳೇ ಇದ್ದಳು, ಗಿರಾಕಿಗಳು ಕೆದರಿ ಹೋದ ಸೀರೆಗಳನ್ನು ಮಡಚುತ್ತಿದ್ದಳು. ಇಂದ್ರಾಬಾಯಿಯನ್ನು ನೋಡಿ ಎದ್ದು ನಿಂತಳು. ನೀರು ಕೊಟ್ಟಳು. ಕೂತುಕೊಳ್ಳಿ ಎಂದಳು. ಮರ್ಯಾದೆಯಲ್ಲಿ ಒಂದಿಷ್ಟೂ ಕಡಿಮೆ ಇರಲಿಲ್ಲ, ಅದೇ ಕಷ್ಟವಾಯಿತು. ಇಂದ್ರಾಬಾಯಿ ನಡೆದದ್ದನ್ನೆಲ್ಲ ಹೇಳಿದಳು. ಸೀರೆಯ ಬಣ್ಣ, ಗಾಜಿನ ಕಣ್ಣು, ಮೊಬೈಲು, ತಾನು ಮಹೇಶ್ವರಿಯ ಮುಂದೆ ಆಡಿದ ಮಾತು, ಒಂದನ್ನೂ ಬಿಡಲಿಲ್ಲ. "ತಪ್ಪು ನಂದು, ತಂಗಿ" ಎಂದಳು.

ರೋಹಿಣಿ ಕೈಯಲ್ಲಿದ್ದ ಸೀರೆ ಮಡಚಿ ಮುಗಿಸಿದಳು.

"ಆ ಮಷೀನಿಗೆ ಎಷ್ಟ ಕೇಳಿದ್ರಿ ಅಕ್ಕಾರ. ವೈರ್ ತಗಸಿದ್ರಿ, ಪಿನ್ ಬದಲ ಮಾಡಿಸಿದ್ರಿ, ಎರಡ ಸಲ ರಿಪೇರಿಯವರನ್ನ ಕರಿಸಿದ್ರಿ. ನನ್ನ ಮಾತ್ರ ಒಂದ ಸಲನೂ ಕೇಳಲಿಲ್ಲ. ನಮ್ಮ ಅವ್ವ ಇವತ್ತಿಗೂ ಕೇಳ್ತಾಳ್ರಿ, ಯಾಕ ನಿನ್ನ ಇಲ್ಲಿಗೆ ಹಾಕ್ಯಾರ, ಏನ ಮಾಡಿದಿ ಅಂತ. ನಾ ಏನ ಹೇಳ್ಲಿ?"

ಇಂದ್ರಾಬಾಯಿ ಎದ್ದು ನಿಂತು, "ನಡಿ, ನಿಮ್ಮ ಮನಿಗೆ ಹೋಗೂಣು. ಅವ್ವಗ ನಾನ ಹೇಳ್ತೇನಿ" ಎಂದಳು. ರೋಹಿಣಿ ಬೇಡ ಎನ್ನಲಿಲ್ಲ. ಅಂಗಡಿಯ ಬಾಗಿಲು ಎಳೆದು ಇಬ್ಬರೂ ಹೋದರು. ಆ ತಾಯಿ ಎಲ್ಲ ಕೇಳಿಸಿಕೊಂಡು ಒಳಗೆ ಹೋಗಿ ಚಹಾ ಮಾಡಿ ತಂದಳು. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಇಂದ್ರಾಬಾಯಿಗೆ. ಚಹಾ ಕುಡಿದಳು.

ರೋಹಿಣಿ ಕೂಡಲೇ ಬರಲಿಲ್ಲ. ತಿಂಗಳೊಪ್ಪತ್ತು ಹುನಗುಂದದಲ್ಲೇ ಇದ್ದಳು, ಆಮೇಲೆ ಬಂದಳು. ಮಾತು ಮೊದಲಿನಷ್ಟಿರಲಿಲ್ಲ. ಇಂದ್ರಾಬಾಯಿಯೂ ಮಾತಿಗೆ ಎಳೆಯಲಿಲ್ಲ. ಹಾಲಿಗೆ ಬೆರಳದ್ದುವುದನ್ನು ಅವಳು ಬಿಟ್ಟಳೆಂದರೆ ಅದು ಸುಳ್ಳು. ಅದು ಹಾಗೇ ನಡೆದಿತ್ತು. ಬಳ್ಳಿಯ ಸೀರೆಗಳು ಮಗ್ಗದಿಂದ ಇಳಿದು ಬಾದಾಮಿಗೆ ಹೋದವು. ಅದರ ಮುಂದಿನ ಕೆಲಸಕ್ಕೆ, ಕಂಪ್ಯೂಟರಿನಲ್ಲಿ ಅವಳು ಅರ್ಧ ಬಿಡಿಸಿಟ್ಟಿದ್ದ ನವಿಲಿನ ಅಂಚೊಂದು ಒಂದು ಮಧ್ಯಾಹ್ನ ಕಾಣದಾಯಿತು. ಎಲ್ಲ ಕಡೆ ಹುಡುಕಿದಳು. ಕಿಡಕಿಯ ಹತ್ತಿರ ಹೋದಳು. ಕಟ್ಟೆಯ ಮೇಲೆ ರೋಹಿಣಿ, ಕೈಯಲ್ಲಿ ಮೊಬೈಲು.

ಈ ಸಲ ಅವಳು ಮಹೇಶ್ವರಿಯ ಹತ್ತಿರ ಹೋಗಲಿಲ್ಲ. ಕಿಡಕಿಯಿಂದಲೇ ಗಟ್ಟಿಯಾಗಿ ಕೂಗಿದಳು. "ರೋಹಿಣೀ! ನನ್ನ ನವಲ ನೀ ಅಳಿಸೀಯೇನು?"

ಹುಡುಗಿ ತಲೆ ಎತ್ತಿ ನೋಡಿದಳು. ಒಂದು ಗಳಿಗೆ ಯೋಚಿಸಿದಳು.

"ಅಯ್ಯ ನನ ಶಿವನ... ಹೌದ್ರಿ ಅಕ್ಕಾರ. ಮುಂಜಾನೆ ಹಳೇ ಫೋಟೋ ತಗಿಯೋವಾಗ ಅದನ್ನೂ ತಗದೇನೋ ಏನೋ. ತಪ್ಪಾತ್ರಿ, ಬಂದೆ ತಡೀರಿ!"

ಅವಳು ಮೆಟ್ಟಿಲು ಹತ್ತಿ ಓಡಿ ಬಂದಳು. ಕಸದ ಬುಟ್ಟಿಯ ಗುರುತು ಒತ್ತಿ, ಅದರೊಳಗೆ ಕೆದರಿ, ನವಿಲನ್ನು ಹೊರಗೆ ತೆಗೆದಳು. ಇಂದ್ರಾಬಾಯಿ ಅವಳಿಗೆ ಹೊಟ್ಟೆ ತುಂಬ ಬೈದಳು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೆಲಸ ಮಾಡು, ಇಷ್ಟು ದಪ್ಪ ಕನ್ನಡಕ ಯಾಕೆ ಹಾಕುತ್ತೀ ಎಂದು, ಅಂಗಳದ ತನಕ ಕೇಳುವಂತೆ ಬೈದಳು. ರೋಹಿಣಿ ತಲೆ ತಗ್ಗಿಸಿ ನಿಂತು ಕೇಳಿಸಿಕೊಂಡಳು. ಬೈಗುಳ ಮುಗಿದ ಮೇಲೆ ಇಂದ್ರಾಬಾಯಿ ಖುರ್ಚಿಯನ್ನು ಪಕ್ಕಕ್ಕೆ ಸರಿಸಿದಳು.

"ಕುಂಡ್ರು ಇಲ್ಲೆ. ಎಲ್ಲಿ ಇಟ್ರ ಅಳಸಂಗಿಲ್ಲ, ತೋರಿಸು ನನಗ."